ಒಂದೇ ಭೇಟಿಯ ಆಪ್ತಸಮಾಲೋಚನೆ: ಹೋಗುವ ಮೊದಲು, ಕುಳಿತಾಗ, ಮರಳಿದ ಮೇಲೆ

ಆಪ್ತಸಮಾಲೋಚನೆಗೆ ಸಮಯ ಕೇಳಿ ಕರೆ ಮಾಡುವವರಲ್ಲಿ ಬಹಳ ಮಂದಿ ತಮ್ಮ ತೊಂದರೆ ಏನೆಂದು ಹೇಳುವುದಕ್ಕೂ ಮೊದಲೇ ಒಂದು ಪ್ರಶ್ನೆ ಕೇಳುತ್ತಾರೆ: "ಎಷ್ಟು ಸಲ ಬರಬೇಕಾಗುತ್ತದೆ ಮೇಡಂ?" ಈ ಪ್ರಶ್ನೆಯ ಹಿಂದಿನ ಕಷ್ಟ ನನಗೆ ಅರ್ಥವಾಗುತ್ತದೆ. ಮೂಡಿಗೆರೆ ಆಚೆಯ ತೋಟದಿಂದ ಚಿಕ್ಕಮಗಳೂರಿಗೋ ಸಕಲೇಶಪುರದ ಒಳಹಳ್ಳಿಯಿಂದ ಹಾಸನಕ್ಕೋ ಬಂದು ಹೋಗುವುದೆಂದರೆ ಒಂದು ದಿನ ಪೂರ್ತಿ ಬೇಕು. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ಮನೆಯವರು ಯಾರೂ ತೋಟ ಬಿಟ್ಟು ಕದಲುವಂತಿಲ್ಲ. ಮಳೆಗಾಲದಲ್ಲಿ ರಸ್ತೆ, ಕರೆಂಟು, ಮೊಬೈಲ್ ಸಿಗ್ನಲ್ ಯಾವುದನ್ನೂ ನೆಚ್ಚಿಕೊಳ್ಳುವಂತಿಲ್ಲ. ಇವೆಲ್ಲಕ್ಕಿಂತ ದೊಡ್ಡದು, ಮನೆಯಲ್ಲಿ ಏನು ಹೇಳಿ ಹೊರಡುವುದು ಎಂಬ ಚಿಂತೆ. ಒಂದು ಸಲವಾದರೆ ಹೇಗಾದರೂ ಬರಬಹುದು, ವಾರವಾರ ಬರಲು ಆಗದು. ಒಂದೇ ಸಲ ಹೋಗಿ ಏನು ಪ್ರಯೋಜನ ಎಂದುಕೊಂಡು ಆ ಒಂದು ಸಲವನ್ನೂ ಕೈಬಿಡುವವರನ್ನು ಕಂಡಾಗ ನನಗೆ ಸಂಕಟವಾಗುತ್ತದೆ.

ಒಂದು ಭೇಟಿಯಿಂದಲೂ ಪ್ರಯೋಜನವಿದೆ. ಆದರೆ ಅದನ್ನು ಒಂದೇ ಭೇಟಿ ಎಂದು ತಿಳಿದೇ, ಅದಕ್ಕೆ ತಕ್ಕ ಸಿದ್ಧತೆ ಮಾಡಿಕೊಂಡು ಹೋಗಬೇಕು. ತೊಂದರೆ ಸೌಮ್ಯ ಮಟ್ಟದ್ದಾಗಿರಬೇಕು. ಈ ಎರಡು ಷರತ್ತುಗಳನ್ನು ಬಿಡಿಸಿ ಹೇಳುವುದೇ ಈ ಲೇಖನದ ಉದ್ದೇಶ.

ಏನಿದು?

1980ರ ದಶಕದಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕೈಸರ್ ಪರ್ಮನೆಂಟೆ ಎಂಬ ಆರೋಗ್ಯ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದ ಮನಶ್ಶಾಸ್ತ್ರಜ್ಞ ಮೋಶೆ ತಾಲ್ಮೋನ್ ಒಂದು ಸಂಗತಿಯನ್ನು ಗಮನಿಸಿದರು. ಚಿಕಿತ್ಸೆಗೆ ಬಂದವರಲ್ಲಿ ಬಹಳಷ್ಟು ಜನ ಒಮ್ಮೆ ಬಂದವರು ಮತ್ತೆ ಬರುತ್ತಲೇ ಇರಲಿಲ್ಲ. ಚಿಕಿತ್ಸೆ ಸರಿಹೋಗದೆ ಬಿಟ್ಟರು ಎಂದೇ ಎಲ್ಲರೂ ತಿಳಿದಿದ್ದರು. ತಾಲ್ಮೋನ್ ಹಾಗೆ ಒಮ್ಮೆ ಬಂದು ಹೋಗಿದ್ದ 200 ಮಂದಿಯನ್ನು ಸಂಪರ್ಕಿಸಿ ಕಾರಣ ಕೇಳಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಜನರ ಉತ್ತರ ಒಂದೇ ಬಗೆಯದಾಗಿತ್ತು: ಬೇಕಾದದ್ದು ಸಿಕ್ಕಿತು, ಆದ್ದರಿಂದ ಬರಲಿಲ್ಲ. ಆಮೇಲೆ ಅವರು ಸಹೋದ್ಯೋಗಿಗಳಾದ ಮೈಕಲ್ ಹಾಯ್ಟ್ ಮತ್ತು ರಾಬರ್ಟ್ ರೋಸೆನ್‌ಬಾಮ್ ಅವರೊಂದಿಗೆ ಸೇರಿ, ಮೊದಲ ಭೇಟಿಯೇ ಕೊನೆಯದೂ ಆಗಬಹುದು ಎಂದುಕೊಂಡು ಅದನ್ನು ನಡೆಸುವ ಕ್ರಮವನ್ನು ರೂಪಿಸಿದರು. ಮುಂದೆ ಕೆನಡಾದಲ್ಲಿ ಸಮಯ ಗೊತ್ತುಪಡಿಸದೆಯೇ ನೇರವಾಗಿ ಒಳಬರಬಹುದಾದ ಕೇಂದ್ರಗಳಲ್ಲಿ, ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ, ಇಂಗ್ಲೆಂಡಿನಲ್ಲಿ ಇದು ಬೆಳೆಯಿತು.

'ಒಂದೇ ಭೇಟಿ' ಎಂದರೆ ಎರಡನೇ ಸಲ ಬಂದರೆ ಬಾಗಿಲು ಹಾಕುತ್ತಾರೆ ಎಂದಲ್ಲ. ಈ ಹೊತ್ತು ಕುಳಿತದ್ದು ಈ ಹೊತ್ತಿಗೇ ಪೂರ್ತಿಯಾಗಬೇಕು, ಎದ್ದು ಹೋಗುವಾಗ ಕೈಯಲ್ಲಿ ಏನಾದರೂ ಇರಬೇಕು, ಮುಂದೆ ಬೇಕಾದರೆ ಮತ್ತೆ ಬರಬಹುದು ಎಂದಷ್ಟೇ ಅರ್ಥ. ಬಾಲ್ಯದಿಂದ ಇಂದಿನವರೆಗಿನ ಇಡೀ ಜೀವನವನ್ನು ಇಲ್ಲಿ ಬಗೆಯುವುದಿಲ್ಲ. ಸದ್ಯಕ್ಕೆ ಹೆಚ್ಚು ಕಾಡುತ್ತಿರುವ ಒಂದು ಗಂಟನ್ನು ಆರಿಸಿಕೊಂಡು ಅದನ್ನು ಸಡಿಲಿಸುವ ಒಂದು ದಾರಿ ಹುಡುಕುತ್ತೇವೆ.

1. ಇದು ನಿಮಗೆ ಹೊಂದುತ್ತದೆಯೇ ನೋಡಿಕೊಳ್ಳಿ

ಈ ಹಂತವನ್ನು ಹಾರಿಸಿ ಮುಂದೆ ಓದಬೇಡಿ.

ಖಿನ್ನತೆಯ ಮಟ್ಟ ತಿಳಿಯಲು 'ಪಿಎಚ್‌ಕ್ಯೂ-9' ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿಯನ್ನು ವೈದ್ಯರು ಬಳಸುತ್ತಾರೆ. ಕಳೆದ ಎರಡು ವಾರಗಳಲ್ಲಿ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು, ನಿದ್ರೆ ಕೆಡುವುದು, ಸುಸ್ತು, ಹಸಿವು ಏರುಪೇರಾಗುವುದು ಇಂಥವು ಎಷ್ಟು ದಿನ ಕಾಡಿದವು ಎಂದು ಅದು ಕೇಳುತ್ತದೆ. ಒಂದೊಂದಕ್ಕೂ 0ಯಿಂದ 3ರವರೆಗೆ ಅಂಕ. ಒಟ್ಟು 5ರಿಂದ 9 ಬಂದರೆ ಸೌಮ್ಯ, 10ರಿಂದ 14 ಮಧ್ಯಮ, 15 ಮತ್ತು ಮೇಲ್ಪಟ್ಟರೆ ತೀವ್ರತೆಯ ಕಡೆಗೆ ವಾಲಿದೆ ಎಂದು ಲೆಕ್ಕ. ಆತಂಕಕ್ಕೆ 'ಜಿಎಡಿ-7' ಎಂಬ ಏಳು ಪ್ರಶ್ನೆಗಳ ಪಟ್ಟಿ ಇದೆ. ಅಲ್ಲೂ 5ರಿಂದ 9 ಸೌಮ್ಯ, 10ರಿಂದ 14 ಮಧ್ಯಮ, 15 ಮತ್ತು ಮೇಲ್ಪಟ್ಟರೆ ತೀವ್ರ. ಎರಡೂ ಉಚಿತ, ಕನ್ನಡದಲ್ಲೂ ಇವೆ. ಆಸ್ಪತ್ರೆಯಲ್ಲಿ ಕೇಳಿದರೆ ತುಂಬಿಸಿಕೊಡುತ್ತಾರೆ. ಅಂಕಗಳಿಂದ ಕಾಯಿಲೆ ನಿರ್ಣಯವಾಗುವುದಿಲ್ಲ, ಯಾವ ಬಾಗಿಲು ತಟ್ಟಬೇಕೆಂದು ತಿಳಿಯುತ್ತದೆ ಅಷ್ಟೇ.

ಅಂಕ ಸೌಮ್ಯ ಮಟ್ಟದಲ್ಲಿದ್ದು, ಊಟ, ನಿದ್ರೆ, ಕೆಲಸ ಹೇಗೋ ನಡೆಯುತ್ತಿದ್ದರೆ ಒಂದೇ ಭೇಟಿಯಿಂದ ಆರಂಭಿಸಬಹುದು. ಕೆಳಗಿನವುಗಳಲ್ಲಿ ಯಾವುದಾದರೂ ಒಂದಿದ್ದರೆ ಈ ಲೇಖನದ ದಾರಿ ನಿಮ್ಮದಲ್ಲ, ನೇರವಾಗಿ ಮನೋವೈದ್ಯರನ್ನು ಕಾಣಿ:

- ಸಾಯಬೇಕೆಂಬ, ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂಬ ಯೋಚನೆ. ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಇದನ್ನೇ ಕೇಳುತ್ತದೆ. ಅಲ್ಲಿ ಸೊನ್ನೆ ಬಿಟ್ಟು ಬೇರೆ ಏನೇ ಬರೆದಿದ್ದರೂ ಒಟ್ಟು ಅಂಕ ಎಷ್ಟೆಂದು ನೋಡುತ್ತಾ ಕೂರಬೇಡಿ.
- ಬೇರೆ ಯಾರಿಗೂ ಕೇಳಿಸದ ದನಿ ಕೇಳಿಸುವುದು, ಎಲ್ಲರೂ ಸೇರಿ ಸಂಚು ಮಾಡುತ್ತಿದ್ದಾರೆ ಎಂಬ ಬಲವಾದ ಅನುಮಾನ.
- ಕೆಲವು ದಿನ ನಿದ್ರೆಯೇ ಬೇಡವೆನಿಸುವಷ್ಟು ಹುರುಪು, ಕೈಮೀರಿದ ಖರ್ಚು, ಆಮೇಲೆ ಮಂಕು. ಹೀಗೆ ಏರಿಳಿಯುತ್ತಿದ್ದರೆ ಅದರ ಚಿಕಿತ್ಸೆಯೇ ಬೇರೆ.
- ಹೆರಿಗೆಯಾದ ನಂತರ ಎರಡು ವಾರ ಕಳೆದರೂ ಹೋಗದ ಮಂಕು ಅಥವಾ ಅಳು.
- ಪ್ರತಿ ರಾತ್ರಿ ಮದ್ಯವಿಲ್ಲದೆ ನಿದ್ರೆ ಬಾರದ ಸ್ಥಿತಿ. ದಿನವೂ ಹೆಚ್ಚು ಕುಡಿಯುವವರು ಒಮ್ಮೆಲೇ ನಿಲ್ಲಿಸುವುದೂ ಅಪಾಯ, ವೈದ್ಯರ ನೆರವಿನಿಂದಲೇ ಬಿಡಿಸಿಕೊಳ್ಳಬೇಕು.
- ಮನೆಯಲ್ಲಿ ಹೊಡೆತ, ಹಿಂಸೆ. ಇಲ್ಲಿ ಮೊದಲು ಬೇಕಾಗಿರುವುದು ರಕ್ಷಣೆ. ಮಹಿಳಾ ಸಹಾಯವಾಣಿ 181, ತುರ್ತಿಗೆ 112.

ಸಾಯುವ ಯೋಚನೆ ಬರುತ್ತಿದ್ದರೆ ಈಗಲೇ 14416ಕ್ಕೆ ಕರೆ ಮಾಡಿ. ಇದು ಕೇಂದ್ರ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ನಮ್ಮ ಜಿಲ್ಲೆಗಳ ಮನೆಗಳಿಗೆ ಇನ್ನೊಂದು ಮಾತು ಹೇಳಲೇಬೇಕು. ತೋಟಕ್ಕೆ ಹೊಡೆಯುವ ಕೀಟನಾಶಕ, ಕಳೆನಾಶಕಗಳನ್ನು ನಾವು 'ಔಷಧಿ' ಎಂದೇ ಕರೆದು ಅಟ್ಟದ ಮೇಲೋ ಹಿತ್ತಲ ಕೋಣೆಯಲ್ಲೋ ಇಟ್ಟಿರುತ್ತೇವೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ತೀರಾ ಕುಗ್ಗಿದೆ ಎಂದು ಕಂಡರೆ ಅವನ್ನು ಆ ದಿನವೇ ಬೀಗ ಹಾಕಿ ಕೀಲಿಯನ್ನು ಇನ್ನೊಬ್ಬರ ಕೈಗೆ ಕೊಡಿ, ಸಾಧ್ಯವಾದರೆ ಮನೆಯಿಂದಲೇ ಹೊರಗೆ ಸಾಗಿಸಿ. ಅಂಥ ಗಳಿಗೆಗಳು ಬಹುಪಾಲು ದಾಟಿಹೋಗುತ್ತವೆ. ದಾಟುವವರೆಗೆ ಅದು ಕೈಗೆ ಸಿಗದಂತಿರುವುದು ಜೀವ ಉಳಿಸುತ್ತದೆ.

ದೇಹದ ಕಡೆಗೂ ಒಮ್ಮೆ ನೋಡಿ. ಥೈರಾಯ್ಡ್ ಏರುಪೇರು, ರಕ್ತಹೀನತೆ, ಬಿ12 ಕೊರತೆ ಇವು ಮಂಕು, ಸುಸ್ತು, ಎದೆಬಡಿತಗಳ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಒಂದು ರಕ್ತ ಪರೀಕ್ಷೆಯಿಂದ ತಿಳಿಯುವುದನ್ನು ತಿಂಗಳುಗಟ್ಟಲೆ ಮನಸ್ಸಿನ ಮೇಲೆ ಹೊರಿಸಬೇಡಿ. ಎದೆನೋವು ಮೊದಲ ಸಲ ಬಂದಾಗ ಅದು ಆತಂಕವೇ ಎಂದು ನೀವೇ ತೀರ್ಮಾನಿಸಬೇಡಿ. ಇಸಿಜಿ ಆದ ಮೇಲೆ ಮಿಕ್ಕ ಮಾತು.

2. ಯಾರ ಬಳಿ ಹೋಗುವುದು?

ಮೂರು ಬಗೆಯವರಿದ್ದಾರೆ. ಮನೋವೈದ್ಯರು ಎಂಬಿಬಿಎಸ್ ಮುಗಿಸಿ ಮನೋವೈದ್ಯಕೀಯ ಓದಿದವರು, ಮಾತ್ರೆ ಬರೆಯುವ ಅಧಿಕಾರ ಇರುವವರು. ಕ್ಲಿನಿಕಲ್ ಸೈಕಾಲಜಿಸ್ಟ್, ಅಂದರೆ ಚಿಕಿತ್ಸಾ ಮನಶ್ಶಾಸ್ತ್ರಜ್ಞರು, ಮಾತಿನ ಮೂಲಕ ಚಿಕಿತ್ಸೆ ಕೊಡುವ ತರಬೇತಿ ಪಡೆದು ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ ನೋಂದಾಯಿಸಿಕೊಂಡವರು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಮತ್ತು ಆಪ್ತಸಮಾಲೋಚಕರು ಮೂರನೆಯವರು. ಫಲಕ ಹಾಕಿಕೊಂಡವರೆಲ್ಲ ತರಬೇತಿ ಪಡೆದವರಲ್ಲ. ಏನು ಓದಿದ್ದೀರಿ, ನೋಂದಣಿ ಸಂಖ್ಯೆ ಇದೆಯೇ ಎಂದು ಕೇಳುವುದು ಉದ್ಧಟತನವಲ್ಲ. ಸರಿಯಾಗಿ ಕಲಿತವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಹಾಸನದಲ್ಲಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ (ಹಿಮ್ಸ್) ಬೋಧನಾ ಆಸ್ಪತ್ರೆಯಲ್ಲಿ ಮನೋವೈದ್ಯಕೀಯ ವಿಭಾಗವಿದೆ. ಚಿಕ್ಕಮಗಳೂರಿನವರು ಜಿಲ್ಲಾ ಆಸ್ಪತ್ರೆಯಲ್ಲಿ ವಿಚಾರಿಸಬಹುದು. ಎರಡೂ ಕಡೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ. ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗವನ್ನು ಮಾದರಿಯಾಗಿಟ್ಟುಕೊಂಡು 1996ರಲ್ಲಿ ದೇಶಕ್ಕೆ ವಿಸ್ತರಿಸಿದ ಯೋಜನೆ ಇದು. ಇದರ ತಂಡದಲ್ಲಿ ಮನೋವೈದ್ಯರ ಜೊತೆಗೆ ಮನಶ್ಶಾಸ್ತ್ರಜ್ಞ, ಸಮಾಜ ಕಾರ್ಯಕರ್ತರ ಹುದ್ದೆಗಳೂ ಇವೆ. ನಮ್ಮ ರಾಜ್ಯದಲ್ಲಿ 'ಮನೋಚೈತನ್ಯ' ಎಂಬ ಹೆಸರಿನಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದಂದು ಮನೋವೈದ್ಯರು ಬರುವ ವ್ಯವಸ್ಥೆಯನ್ನೂ ಮಾಡಲಾಗಿದೆ. ನಿಮ್ಮ ತಾಲ್ಲೂಕಿನಲ್ಲಿ ಯಾವ ವಾರ, ಎಷ್ಟು ಹೊತ್ತಿಗೆ ಎಂದು ಆಶಾ ಕಾರ್ಯಕರ್ತೆಯಲ್ಲೋ ಆಸ್ಪತ್ರೆಯಲ್ಲೋ ಕೇಳಿಕೊಂಡೇ ಬಸ್ ಹತ್ತಿ.

ಇಲ್ಲೊಂದು ಎಡವುವ ಜಾಗವಿದೆ. ಹೊರರೋಗಿ ವಿಭಾಗದಲ್ಲಿ ನೂಕುನುಗ್ಗಲಿರುತ್ತದೆ, ಮನೋವೈದ್ಯರಿಗೆ ನಿಮ್ಮೊಂದಿಗೆ ಕೆಲವೇ ನಿಮಿಷ ಸಿಗುತ್ತದೆ. ಅದನ್ನೇ ಆಪ್ತಸಮಾಲೋಚನೆ ಎಂದುಕೊಂಡು, ಮಾತ್ರೆ ಕೊಟ್ಟು ಕಳಿಸಿದರು ಎಂದು ಬೇಸರಪಟ್ಟು ಮರಳುವವರಿದ್ದಾರೆ. ಚೀಟಿ ಮಾಡಿಸುವಾಗಲೇ "ಆಪ್ತಸಮಾಲೋಚನೆ ಬೇಕು, ಮುಕ್ಕಾಲು ಗಂಟೆ ಕುಳಿತು ಮಾತನಾಡುವವರು ಯಾವ ದಿನ ಸಿಗುತ್ತಾರೆ?" ಎಂದು ಕೇಳಿ.

ಊರಿನವರು ಯಾರಾದರೂ ನೋಡಿದರೆ ಎಂಬ ಅಳುಕು ಚಿಕ್ಕ ಊರುಗಳಲ್ಲಿ ನಿಜವಾದದ್ದೇ. ನೀವು ಹೇಳಿದ್ದನ್ನು ಗುಟ್ಟಾಗಿಡುವುದು 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆ ನೀಡುವವರ ಕರ್ತವ್ಯ. ಜೀವಕ್ಕೆ ಅಪಾಯ ಎಂಬಂತಹ ಕೆಲವೇ ಸಂದರ್ಭಗಳಿಗೆ ವಿನಾಯಿತಿ ಇದೆ. ಅಷ್ಟಾದರೂ ಧೈರ್ಯ ಬಾರದಿದ್ದರೆ ವಿಡಿಯೊ ಕರೆಯಲ್ಲಿ ಮಾತನಾಡಬಹುದು. ಆಗ ಸಿಗ್ನಲ್ ಸರಿಯಾಗಿ ಸಿಗುವ, ಯಾರ ಕಿವಿಗೂ ಬೀಳದ ಜಾಗವನ್ನು ಹಿಂದಿನ ದಿನವೇ ಹುಡುಕಿಟ್ಟುಕೊಳ್ಳಿ.

3. ಸಮಯ ಕೇಳುವಾಗಲೇ ವಿಷಯ ತಿಳಿಸಿ

ಹೀಗೆ ಹೇಳಿದರೆ ಸಾಕು: "ನನಗೆ ಸದ್ಯಕ್ಕೆ ಒಂದು ಸಲ ಮಾತ್ರ ಬರಲು ಸಾಧ್ಯ. ಇಂಥ ಒಂದು ವಿಷಯಕ್ಕೆ ಆ ಹೊತ್ತಿನಲ್ಲೇ ಒಂದು ದಾರಿ ಬೇಕು. ಹಾಗೆ ಮಾಡುತ್ತೀರಾ?" ಕೆಲವರು ಒಪ್ಪುವುದಿಲ್ಲ. ಮೊದಲ ಭೇಟಿಯನ್ನು ಪೂರ್ತಿಯಾಗಿ ಹಿನ್ನೆಲೆ ಬರೆದುಕೊಳ್ಳುವುದಕ್ಕೇ ಮೀಸಲಿಡುವುದು ಅವರ ಪದ್ಧತಿ. ಅದು ತಪ್ಪಲ್ಲ, ಆದರೆ ನಿಮಗೆ ಬೇಕಾದದ್ದು ಅದಲ್ಲ. ಬಂದು ಕುಳಿತ ಮೇಲೆ ಇದು ಗೊತ್ತಾಗುವುದಕ್ಕಿಂತ ಫೋನಿನಲ್ಲೇ ಗೊತ್ತಾಗುವುದು ಲೇಸು. ಶುಲ್ಕ ಎಷ್ಟು, ಎಷ್ಟು ಹೊತ್ತು, ಎರಡು ವಾರದ ಮೇಲೆ ಒಂದು ಸಣ್ಣ ಕರೆಗೆ ಅವಕಾಶವಿದೆಯೇ ಎಂಬುದನ್ನೂ ಆಗಲೇ ಕೇಳಿಬಿಡಿ.

4. ಹಿಂದಿನ ದಿನ ಒಂದು ಹಾಳೆ ಬರೆಯಿರಿ

ಒಂದೇ ಭೇಟಿಯ ಅರ್ಧ ಕೆಲಸ ನಡೆಯುವುದು ಈ ಹಾಳೆಯಲ್ಲಿ. ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಹಾಳೆಯಾದರೂ ಆದೀತು, ಕೈಬರಹ ಹೇಗಿದ್ದರೂ ನಡೆಯುತ್ತದೆ. ಇಷ್ಟನ್ನು ಬರೆಯಿರಿ:

ಈಗ ಎಲ್ಲಕ್ಕಿಂತ ಹೆಚ್ಚು ಕಾಡುತ್ತಿರುವುದು ಯಾವುದು? ಒಂದೇ ವಾಕ್ಯದಲ್ಲಿ. 'ಜೀವನವೇ ಬೇಸರ' ಎಂದು ಬರೆದರೆ ಅದನ್ನು ಹಿಡಿಯಲು ಕೈಗೆ ಏನೂ ಸಿಗುವುದಿಲ್ಲ. 'ಸಂಜೆ ಕೆಲಸದಿಂದ ಬಂದ ಮೇಲೆ ಯಾರೊಂದಿಗೂ ಮಾತನಾಡದೆ ಮಲಗಿಬಿಡುತ್ತೇನೆ' ಎಂದು ಬರೆದರೆ ಸಿಗುತ್ತದೆ.

ಈಗಲೇ ಏಕೆ? ಎಷ್ಟೋ ಕಾಲದಿಂದ ಇದ್ದದ್ದು ಈ ತಿಂಗಳು ಸಹಿಸಲಾಗದಂತೆ ಆದದ್ದು ಏತರಿಂದ?

ಇದುವರೆಗೆ ಏನೇನು ಮಾಡಿ ನೋಡಿದಿರಿ? ಅದರಲ್ಲಿ ಸ್ವಲ್ಪವಾದರೂ ಹಿಡಿಸಿದ್ದು ಯಾವುದು? ಬೆಳಗಿನ ನಡಿಗೆ, ಭಜನೆ, ಅಕ್ಕನೊಂದಿಗೆ ಫೋನಿನಲ್ಲಿ ಮಾತು, ಎಲ್ಲವೂ ಲೆಕ್ಕಕ್ಕೆ ಬರುತ್ತದೆ. ಪೂಜೆ, ಹರಕೆಗಳನ್ನು ಬಚ್ಚಿಡಬೇಕಾಗಿಲ್ಲ, ಬಿಡಬೇಕಾಗಿಯೂ ಇಲ್ಲ.

ತೊಂದರೆ ಕಡಿಮೆ ಇದ್ದ ದಿನ ಯಾವುದು? ಆ ದಿನ ಬೇರೆ ಏನಿತ್ತು? ಇದು ಬಹಳ ಬೆಲೆಬಾಳುವ ಪ್ರಶ್ನೆ. ಹೆಚ್ಚಿನವರು ಇದಕ್ಕೆ 'ಅಂಥ ದಿನವೇ ಇಲ್ಲ' ಎಂದು ಬರೆದು ಮುಂದೆ ಹೋಗುತ್ತಾರೆ. ಸ್ವಲ್ಪ ಹೊತ್ತು ಕುಳಿತು ನೆನಪಿಸಿಕೊಳ್ಳಿ.

ಹಾಳೆಯ ಹಿಂಬದಿಯಲ್ಲಿ ಈಗ ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು, ಇರುವ ಕಾಯಿಲೆಗಳು. ಮೆಡಿಕಲ್ ಸ್ಟೋರಿನಿಂದ ತಂದ ನಿದ್ರೆ ಮಾತ್ರೆಯನ್ನೂ ಬಿಡದೆ ಬರೆಯಿರಿ. ಆಲ್ಪ್ರಜೋಲಾಮ್‌ನಂಥ ಮಾತ್ರೆಗಳು ವೈದ್ಯರ ಚೀಟಿ ಇಲ್ಲದೆ ಕೊಡುವಂಥವಲ್ಲ. ದಿನವೂ ನುಂಗಿದರೆ ದೇಹ ಅದಕ್ಕೆ ಒಗ್ಗಿಕೊಂಡು ಬಿಡಲು ಕಷ್ಟವಾಗುತ್ತದೆ, ತಟ್ಟನೆ ನಿಲ್ಲಿಸಿದರೂ ತೊಂದರೆ. ವೈದ್ಯರು ಬರೆದ ಯಾವ ಮಾತ್ರೆಯನ್ನೂ ಆಪ್ತಸಮಾಲೋಚನೆಗೆ ಹೋಗುತ್ತಿದ್ದೇನೆಂದು ನಿಲ್ಲಿಸಬೇಡಿ.

ಮೊಬೈಲಿನಲ್ಲಿ ನೋಡಿದ ತುಣುಕುಗಳಿಂದ ಕಾಯಿಲೆಯ ಹೆಸರನ್ನು ನೀವೇ ಇಟ್ಟುಕೊಂಡು ಬರಬೇಡಿ. ಹೆಸರು ಹುಡುಕುವುದರಲ್ಲೇ ಹೊತ್ತು ಹೋಗುತ್ತದೆ, ನಿಮಗಾಗುತ್ತಿರುವುದನ್ನು ಹೇಳಲು ಸಮಯ ಉಳಿಯುವುದಿಲ್ಲ.

5. ಆ ಒಂದು ಗಂಟೆ

ಅರ್ಧ ಗಂಟೆ ಮೊದಲೇ ತಲುಪಿ, ಒಂದು ಲೋಟ ನೀರು ಕುಡಿದು ಕುಳಿತುಕೊಳ್ಳಿ. ಜೊತೆಗೆ ಬಂದವರು ಹೊರಗೆ ಕಾಯಲಿ. ಗಂಡನೋ ಅಮ್ಮನೋ ಒಳಗೆ ಬಂದು "ಇವಳಿಗೆ ಸುಮ್ಮನೆ ಯೋಚನೆ ಜಾಸ್ತಿ" ಎಂದು ಮಾತು ಆರಂಭಿಸಿದರೆ ಆ ಗಂಟೆ ಅವರದಾಗುತ್ತದೆ. ಬೇಕಿದ್ದರೆ ಕೊನೆಯ ಹತ್ತು ನಿಮಿಷ ಅವರನ್ನು ಕರೆಸಿಕೊಳ್ಳಬಹುದು.

ಒಳಗೆ ನಡೆಯುವುದು ಹೇಗಿರುತ್ತದೆ ಎಂದು ತಿಳಿದಿದ್ದರೆ ಅರ್ಧ ಭಯ ಇಳಿಯುತ್ತದೆ. ಆಲೂರು ಕಡೆಯ ಒಬ್ಬ ಶಿಕ್ಷಕಿ ಎಂದುಕೊಳ್ಳಿ. ಒಂದು ದಿನ ತುಂಬಿದ ಬಸ್ಸಿನಲ್ಲಿ ಎದೆ ಡವಡವ ಬಡಿದುಕೊಂಡು, ಉಸಿರು ಕಟ್ಟಿದಂತಾಗಿ ನಡುದಾರಿಯಲ್ಲೇ ಇಳಿದುಬಿಟ್ಟರು. ಇಸಿಜಿ ಸರಿಯಾಗಿದೆ, ರಕ್ತ ಪರೀಕ್ಷೆಯೂ ಸರಿಯಾಗಿದೆ. ಆ ದಿನದಿಂದ ಶಾಲೆಗೆ ಬಸ್ಸಿನಲ್ಲಿ ಹೋಗಿಲ್ಲ, ಗಂಡ ಸ್ಕೂಟರಿನಲ್ಲಿ ಬಿಡುತ್ತಾರೆ. ಮಾತು ಹೀಗೆ ಸಾಗಬಹುದು.

"ಇವತ್ತು ಇಲ್ಲಿಂದ ಏಳುವಾಗ ಏನು ಸಿಕ್ಕಿದ್ದರೆ ಬಂದದ್ದಕ್ಕೂ ಸಾರ್ಥಕ ಎನಿಸುತ್ತದೆ?"

"ಈ ಭಯ ಪೂರ್ತಿ ಹೋಗಬೇಕು ಮೇಡಂ."

"ಒಂದೇ ದಿನಕ್ಕೆ ಅಷ್ಟು ಆಗದೆ ಇರಬಹುದು. ಭಯ ಸ್ವಲ್ಪ ಇಳಿದಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ?"

"ಶಾಲೆಗೆ ಮತ್ತೆ ಬಸ್ಸಿನಲ್ಲೇ ಹೋಗುವಂತಾದರೆ."

"ಸೊನ್ನೆ ಎಂದರೆ ಬಸ್ ನೋಡುವುದಕ್ಕೂ ಆಗದು, ಹತ್ತು ಎಂದರೆ ಮೊದಲಿನ ಹಾಗೆ ಆರಾಮವಾಗಿ ಹೋಗಬಹುದು. ಈಗ ಎಲ್ಲಿದ್ದೀರಿ?"

"ಮೂರು ಅನ್ನಬಹುದೇನೋ."

"ಸೊನ್ನೆ ಎನ್ನದೆ ಮೂರು ಎಂದಿರಿ. ಆ ಮೂರು ಎಲ್ಲಿಂದ ಬಂತು?"

ಆಕೆ ಸ್ವಲ್ಪ ಹೊತ್ತು ಸುಮ್ಮನಿರುತ್ತಾರೆ. "ಹೋದ ವಾರ ಮಗಳು ಜೊತೆಗಿದ್ದಳು. ಎರಡು ಸ್ಟಾಪ್ ಬಸ್ಸಿನಲ್ಲಿ ಹೋದೆವು. ಇಳಿದುಬಿಡೋಣ ಎನಿಸಿತು, ಆದರೆ ಇಳಿಯಲಿಲ್ಲ."

ಆ ಗಂಟೆಯ ತಿರುವು ಇಲ್ಲಿದೆ. ಇಳಿಯಬೇಕೆನಿಸಿದರೂ ಇಳಿಯದೆ ಕುಳಿತದ್ದು ಹೇಗೆ, ಆಗ ಕಣ್ಣು ಎಲ್ಲಿತ್ತು, ಕೈ ಏನು ಹಿಡಿದಿತ್ತು, ಎಷ್ಟು ಹೊತ್ತಿನಲ್ಲಿ ಎದೆಬಡಿತ ಇಳಿಯಿತು ಎಂದು ಆಪ್ತಸಮಾಲೋಚಕರು ಒಂದೊಂದಾಗಿ ಕೇಳುತ್ತಾರೆ. ಕಿಟಕಿ ಪಕ್ಕ ಕುಳಿತಿದ್ದರು, ಮಗಳ ಮಾತಿಗೆ ಉತ್ತರ ಕೊಡುತ್ತಿದ್ದರು, ಎರಡನೇ ಸ್ಟಾಪ್ ಬರುವ ಹೊತ್ತಿಗೆ ಕೈಯ ನಡುಕ ನಿಂತಿತ್ತು. ಪರಿಹಾರದ ತುದಿ ಆಕೆಯ ಬಳಿಯೇ ಇತ್ತು. ಅಲ್ಲಿಗೆ ಒಂದಿಷ್ಟು ತಿಳಿವಳಿಕೆ ಸೇರಿಸಿದರೆ ಸಾಕು: ಹೆದರಿದಾಗ ದೇಹದಲ್ಲಿ ಅಡ್ರಿನಲಿನ್ ಹರಿದು ಎದೆಬಡಿತ ಏರುತ್ತದೆ, ಏರಿದ್ದು ತಾನಾಗಿ ಇಳಿಯುತ್ತದೆ. ನಡುವೆ ಎದ್ದು ಓಡಿದರೆ 'ಓಡಿದ್ದರಿಂದಲೇ ಉಳಿದೆ' ಎಂದು ಮನಸ್ಸು ಕಲಿಯುತ್ತದೆ. ಉಳಿದು ಕುಳಿತರೆ 'ಏನೂ ಆಗುವುದಿಲ್ಲ' ಎಂಬುದನ್ನು ಕಲಿಯುತ್ತದೆ.

ಆಮೇಲೆ ಯೋಜನೆ. ಮೊದಲ ದಿನಗಳಲ್ಲಿ ಜನ ಕಡಿಮೆ ಇರುವ ಹೊತ್ತಿನಲ್ಲಿ ಮಗಳ ಜೊತೆ ಎರಡು ಸ್ಟಾಪ್, ಮುಂದೆ ಒಬ್ಬರೇ ಎರಡು ಸ್ಟಾಪ್, ಆಮೇಲೆ ಶಾಲೆಯವರೆಗೆ. ಪ್ರತಿ ಮೆಟ್ಟಿಲಲ್ಲೂ ಭಯ ಇಳಿಯುವವರೆಗೆ ಕುಳಿತಿರಬೇಕು. ಇದನ್ನು 'ಒಡ್ಡಿಕೊಳ್ಳುವಿಕೆ' ಎನ್ನುತ್ತಾರೆ, ಭಯಪಡುವುದರ ಎದುರಿಗೆ ಹಂತಹಂತವಾಗಿ ನಿಲ್ಲುವುದು. ಕೊನೆಗೆ "ಇದಕ್ಕೆ ಏನು ಅಡ್ಡ ಬರಬಹುದು?" ಎಂಬ ಪ್ರಶ್ನೆ ಬರಲೇಬೇಕು. "ಗಂಡ ಸ್ಕೂಟರ್ ತೆಗೆದು ಕಾಯುತ್ತಾರೆ" ಎಂಬ ಉತ್ತರ ಬಂದರೆ ಕೊನೆಯ ಹತ್ತು ನಿಮಿಷ ಅವರನ್ನು ಒಳಗೆ ಕರೆಯುವುದು ಅದಕ್ಕೇ.

ನಿಮ್ಮ ತೊಂದರೆ ಬೇರೆಯದಾಗಿದ್ದರೆ ಉಪಾಯವೂ ಬೇರೆ. ಮಂಕಿಗೆ ಸಾಮಾನ್ಯವಾಗಿ 'ಚಟುವಟಿಕೆಯ ಚಿಕಿತ್ಸೆ' ಹಿಡಿಯುತ್ತದೆ. ಮನಸ್ಸು ಬಂದ ಮೇಲೆ ಮಾಡೋಣ ಎಂದು ಕಾಯದೆ, ಬಿಟ್ಟುಹೋದ ಒಂದು ಸಣ್ಣ ಕೆಲಸವನ್ನು ದಿನ ಮತ್ತು ಗಂಟೆ ಗೊತ್ತುಮಾಡಿಕೊಂಡು ಮಾಡುವುದು. ಕೆಲಸ ಮೊದಲು, ಹುರುಪು ಆಮೇಲೆ. ಬೆಳಿಗ್ಗೆ ತೋಟದ ಕಡೆ ಹೋಗುವುದನ್ನೇ ಬಿಟ್ಟವರಿಗೆ ಇಡೀ ತೋಟ ಸುತ್ತುವ ಗುರಿ ಬೇಡ, ಗೇಟಿನವರೆಗೆ ಹೋಗಿ ಬಂದರೆ ಮೊದಲ ವಾರಕ್ಕೆ ಸಾಕು. ಶುಂಠಿಯ ದರ, ಬ್ಯಾಂಕಿನ ಸಾಲ, ಮಗಳ ಮದುವೆ ಎಂದು ರಾತ್ರಿಯಿಡೀ ಚಿಂತೆ ಸುತ್ತುತ್ತಿದ್ದರೆ 'ಚಿಂತೆಯ ಹೊತ್ತು' ಎಂದು ಸಂಜೆ ಇಪ್ಪತ್ತು ನಿಮಿಷ ಬೇರೆಯಾಗಿ ಇಟ್ಟು, ಹಾಳೆಯಲ್ಲಿ ಬರೆದು, ನಾನೇ ಏನಾದರೂ ಮಾಡಬಹುದಾದದ್ದು, ನನ್ನ ಕೈಯಲ್ಲಿಲ್ಲದ್ದು ಎಂದು ಎರಡಾಗಿ ವಿಂಗಡಿಸುವುದು. ಮೊದಲನೆಯದಕ್ಕೆ ನಾಳೆ ಮಾಡುವ ಒಂದು ಕೆಲಸ ಬರೆಯುವುದು. ರಾತ್ರಿ ಅದೇ ಚಿಂತೆ ಬಂದರೆ ನಾಳೆ ಸಂಜೆಗೆ ಮುಂದೂಡುವುದು. ಸಾಲ ಇದರಿಂದ ತೀರುವುದಿಲ್ಲ, ಆದರೆ ನಿದ್ರೆ ಬಂದರೆ ಬೆಳಿಗ್ಗೆ ಬ್ಯಾಂಕಿಗೆ ಹೋಗಿ ಮಾತನಾಡುವ ಶಕ್ತಿ ಇರುತ್ತದೆ.

ಏಳುವ ಮೊದಲು ಮೂರು ವಿಷಯ ನಿಮ್ಮ ಹಾಳೆಯ ಮೇಲೆ ಬಂದಿವೆಯೇ ನೋಡಿಕೊಳ್ಳಿ: ಏನು ಮಾಡುತ್ತೇನೆ, ಯಾವಾಗ ಮಾಡುತ್ತೇನೆ, ಆಗದಿದ್ದರೆ ಏನು ಮಾಡುತ್ತೇನೆ. ಬರದಿದ್ದರೆ ಕೇಳಿ ಬರೆಸಿಕೊಳ್ಳಿ. ಆ ಗಂಟೆಯಲ್ಲಿ ಬರೀ ಉಪದೇಶ ಕೇಳಿ ಬಂದಿದ್ದರೆ, 'ಧೈರ್ಯವಾಗಿರಿ, ಪಾಸಿಟಿವ್ ಆಗಿ ಯೋಚಿಸಿ' ಎಂಬುದಷ್ಟೇ ಸಿಕ್ಕಿದ್ದರೆ ನಿಮಗೆ ಸಿಗಬೇಕಾದದ್ದು ಸಿಕ್ಕಿಲ್ಲ. ಅದು ನಿಮ್ಮ ದೋಷವಲ್ಲ, ಇನ್ನೊಬ್ಬರ ಬಳಿ ಹೋಗಿ.

ಅತ್ತುಬಿಟ್ಟರೆ ಎಂದು ಹೆದರಬೇಡಿ. ಅಳು ಬಂದರೆ ಬರಲಿ. ಆದರೆ ಇಡೀ ಗಂಟೆ ಮನಸ್ಸು ಹಗುರ ಮಾಡಿಕೊಳ್ಳುವುದರಲ್ಲೇ ಕಳೆದರೆ ಬಸ್ ಹತ್ತುವ ಹೊತ್ತಿಗೆ ಮತ್ತೆ ಭಾರವಾಗುತ್ತದೆ. ಅರ್ಧ ಗಂಟೆ ಆಗುತ್ತಿದ್ದಂತೆ ಮಾತು ಮುಂದಿನ ಹೆಜ್ಜೆಯ ಕಡೆಗೆ ತಿರುಗಬೇಕು. ತಿರುಗದಿದ್ದರೆ ನೀವೇ "ಈಗ ಏನು ಮಾಡಬಹುದು ಎಂದು ನೋಡೋಣವೇ?" ಎಂದು ಕೇಳಿ.

6. ಮನೆಗೆ ಮರಳಿದ ಮೇಲೆ

ಅದೇ ದಿನ ರಾತ್ರಿ ಹಾಳೆಯನ್ನು ಇನ್ನೊಮ್ಮೆ ಓದಿ, ಕಣ್ಣಿಗೆ ಬೀಳುವ ಕಡೆ ಇಡಿ. ಮನೆಯವರು ನೋಡಬಾರದೆಂದಿದ್ದರೆ ಮೊಬೈಲಿನಲ್ಲಿ ಚಿತ್ರ ತೆಗೆದಿಟ್ಟುಕೊಂಡರಾಯಿತು. ಮೊದಲ ಹೆಜ್ಜೆಯನ್ನು ಎರಡು ದಿನದೊಳಗೆ ಇಡಿ. ಮುಂದಿನ ಅಮಾವಾಸ್ಯೆ ಕಳೆಯಲಿ, ಕೊಯ್ಲು ಮುಗಿಯಲಿ ಎಂದು ಮುಂದೂಡಿದ್ದು ಸಾಮಾನ್ಯವಾಗಿ ಆಗುವುದಿಲ್ಲ.

ಮನೆಯಲ್ಲಿ ಒಬ್ಬರಿಗಾದರೂ ವಿಷಯ ತಿಳಿದಿರಲಿ. ಎಲ್ಲವನ್ನೂ ಹೇಳಬೇಕಾಗಿಲ್ಲ. "ದಿನಾ ಸಂಜೆ ಅರ್ಧ ಗಂಟೆ ನಡೆಯಲು ಹೇಳಿದ್ದಾರೆ, ನೆನಪಿಸು" ಎಂದರೆ ಸಾಕು.

ಮೊದಲ ವಾರ ಸಾಮಾನ್ಯವಾಗಿ ಉತ್ಸಾಹವಿರುತ್ತದೆ. ಎರಡನೇ ವಾರ ಒಂದು ಕೆಟ್ಟ ದಿನ ಬರುತ್ತದೆ, 'ನೋಡಿ, ಏನೂ ಪ್ರಯೋಜನವಾಗಲಿಲ್ಲ' ಎನಿಸುತ್ತದೆ. ಹೆಚ್ಚಿನವರು ಕೈಬಿಡುವುದು ಆ ದಿನವೇ. ಆ ದಿನಕ್ಕೆಂದೇ 'ಆಗದಿದ್ದರೆ ಏನು ಮಾಡುತ್ತೇನೆ' ಎಂದು ಬರೆಸಿಕೊಂಡದ್ದು. ಹೆಜ್ಜೆಯನ್ನು ಅರ್ಧಕ್ಕೆ ಇಳಿಸಿ, ಬಿಡಬೇಡಿ. ಎರಡು ಸ್ಟಾಪ್ ಆಗದಿದ್ದರೆ ಒಂದು ಸ್ಟಾಪ್.

7. ಎರಡು ವಾರದ ನಂತರ

ಅವೇ ಪ್ರಶ್ನೆಪಟ್ಟಿಗಳನ್ನು ಮತ್ತೆ ತುಂಬಿ, ಹಳೆಯ ಅಂಕದ ಪಕ್ಕದಲ್ಲಿ ಹೊಸ ಅಂಕ ಬರೆಯಿರಿ. ಇಳಿದಿದ್ದರೆ ಮಾಡುತ್ತಿರುವುದನ್ನೇ ಮುಂದುವರಿಸಿ, ಸದ್ಯಕ್ಕೆ ಬೇರೇನೂ ಬೇಡ. ಇದ್ದಲ್ಲೇ ಇದ್ದರೆ ಇನ್ನೊಂದು ಭೇಟಿಗೆ ಸಮಯ ಕೇಳಿ. 10 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ, ಇಲ್ಲವೇ ಮೊದಲ ಹಂತದಲ್ಲಿ ಹೇಳಿದ ಯಾವುದಾದರೂ ಲಕ್ಷಣ ಹೊಸದಾಗಿ ಕಾಣಿಸಿಕೊಂಡರೆ, ಒಂದೇ ಭೇಟಿಯ ಕ್ರಮವನ್ನು ಅಲ್ಲಿಗೇ ಬಿಟ್ಟು ಮನೋವೈದ್ಯರ ಬಳಿ ಹೋಗಿ. ಕೆಲವರಿಗೆ ಮಾತ್ರೆ ಬೇಕಾಗುತ್ತದೆ, ಕೆಲವರಿಗೆ ವಾರಕ್ಕೊಮ್ಮೆಯ ದೀರ್ಘ ಚಿಕಿತ್ಸೆ ಬೇಕಾಗುತ್ತದೆ. ಒಂದು ಭೇಟಿ ಸಾಕಾಗಲಿಲ್ಲ ಎಂಬುದರಿಂದ ನಿಮ್ಮ ಮನಸ್ಸು ದುರ್ಬಲ ಎಂದಾಗುವುದಿಲ್ಲ, ಬೇರೆ ಅಳತೆಯ ಚಿಕಿತ್ಸೆ ಬೇಕು ಎಂದಷ್ಟೇ ತಿಳಿಯುತ್ತದೆ.

ಮತ್ತೆ ಬರಲು ದಾರಿಯೇ ಇಲ್ಲದಿದ್ದರೆ ಮೊದಲೇ ಮಾತಾಗಿದ್ದ ಆ ಸಣ್ಣ ಕರೆಯನ್ನು ಬಳಸಿಕೊಳ್ಳಿ, ಅಥವಾ 14416ಕ್ಕೆ ಕರೆ ಮಾಡಿ. ಅಲ್ಲಿ ಮೊದಲು ಮಾತನಾಡುವವರು ಆಪ್ತಸಮಾಲೋಚಕರು, ಅಗತ್ಯ ಕಂಡರೆ ಮೇಲಿನ ಹಂತದ ತಜ್ಞರಿಗೆ ದಾಟಿಸುತ್ತಾರೆ. ಸಿಗ್ನಲ್ ನಡುವೆ ಕಡಿದುಹೋದರೆ ಮತ್ತೆ ಮಾಡಿ. ಎರಡನೇ ಸಲ ಯಾರ ಬಳಿ ಹೋದರೂ ಹಳೆಯ ಹಾಳೆಯನ್ನೇ ಒಯ್ಯಿರಿ. ಯಾವ ಹೆಜ್ಜೆ ಹಿಡಿಯಿತು, ಯಾವುದು ಹಿಡಿಯಲಿಲ್ಲ ಎಂದು ಪಕ್ಕದಲ್ಲಿ ಗುರುತು ಹಾಕಿಕೊಂಡಿದ್ದರೆ ಹೊಸಬರಿಗೆ ಮೊದಲಿನಿಂದ ಎಲ್ಲವನ್ನೂ ಹೇಳುವ ಶ್ರಮ ತಪ್ಪುತ್ತದೆ.